ನಳಿಗೆಯ ಅಡಿಯಲ್ಲಿದೆ ಬಂದೂಕಿನ ಜಾತಕ

ನರೇಗಲ್ ಸೀಮೆಯಲ್ಲಿ ಬಂದೂಕಿನ ಮಾತು ಬಂದರೆ ನೆನಪು ನೇರವಾಗಿ 1857–58ಕ್ಕೆ ಹೋಗುತ್ತದೆ. ಆಯುಧ ಒಪ್ಪಿಸಿ ಎಂಬ ಕಾಯಿದೆಗೆ ಹಲಗಲಿಯ ಬೇಡರು ಬಗ್ಗಲಿಲ್ಲ. ಮರುವರ್ಷ ನರಗುಂದದ ಬಾಬಾಸಾಹೇಬ ಬಂಡೆದ್ದ. ಕಂಪನಿ ಸರ್ಕಾರ ಎರಡನ್ನೂ ಕ್ರೂರವಾಗಿ ಅಡಗಿಸಿತು. 1878ರ ಶಸ್ತ್ರಾಸ್ತ್ರ ಕಾಯಿದೆ ಬಂದ ಮೇಲೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ಹಾಗೆ ಲೈಸೆನ್ಸ್ ಪಡೆದು ಹಳೆಯ ವಾಡೆಗಳನ್ನು ಸೇರಿದ ಜೋಡುನಳಿಗೆ ಬಂದೂಕುಗಳು ಮಹಾನವಮಿಯ ಖಂಡೇಪೂಜೆಗೆ ಹೊರಬರುತ್ತವೆ. ಯಾರು ಮಾಡಿದ್ದು ಎಂದು ಕೇಳಿದರೆ ‘ಇಂಗ್ಲೆಂಡಿಂದರೀ’ ಎಂಬಷ್ಟೇ ಉತ್ತರ. ಬಂದೂಕಿಗೆ ಅದಕ್ಕಿಂತ ಹೆಚ್ಚು ಗೊತ್ತಿರುತ್ತದೆ.

ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕೊರೆದ ಹೆಸರನ್ನೇ ತಯಾರಕರ ಹೆಸರೆಂದು ನಂಬುವುದು ಸಹಜ. ಆದರೆ ಅದು ಎಷ್ಟೋ ಸಲ ಮಾರಿದ ಅಂಗಡಿಯದು. ಕಲ್ಕತ್ತದ ರೋಡಾ ಕಂಪನಿ, ಮ್ಯಾಂಟನ್ ಕಂಪನಿ, ಮದ್ರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥವರು ವಿಲಾಯತಿಯಿಂದ ಮಾಲು ತರಿಸಿ ತಮ್ಮ ಹೆಸರು ಹಾಕಿಸಿ ಮಾರುತ್ತಿದ್ದರು. ಬೆಲ್ಜಿಯಂನಲ್ಲಿ ತಯಾರಾಗಿ ಇಂಗ್ಲಿಷ್ ಹೆಸರು ಹೊತ್ತು ಬಂದವೂ ಬೇಕಾದಷ್ಟಿವೆ.

ನಿಜವಾದ ಸಾಕ್ಷಿ ಅಡಿಯಲ್ಲಿದೆ. ಲೈಸೆನ್ಸ್‌ದಾರರ ಎದುರಲ್ಲೇ, ತೋಟೆ ಇಲ್ಲವೆಂದು ಎರಡು ಸಲ ನೋಡಿ, ನಳಿಗೆಯ ಕೆಳಗಿನ ಮರದ ತುಂಡು ತೆಗೆದು ನಳಿಗೆಗಳನ್ನು ಬಿಚ್ಚಬೇಕು. ತೋಟೆ ತುಂಬುವ ತುದಿಯ ಕೆಳಗಿನ ಚಪ್ಪಟೆ ಭಾಗದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಮುದ್ರೆಗಳು ಕಾಣುತ್ತವೆ. ಜಿಡ್ಡು ಕಟ್ಟಿದ್ದರೆ ಸೀಮೆಎಣ್ಣೆ ಸವರಿದ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು. ಉಜ್ಜುಕಾಗದ ಮಾತ್ರ ಬೇಡವೇ ಬೇಡ. ನೂರು ವರ್ಷ ಉಳಿದ ಗುರುತು ಒಂದೇ ಗಳಿಗೆಯಲ್ಲಿ ಅಳಿಸಿಹೋಗುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸಿದರೆ ಮುದ್ರೆ ಕಾಗದದ ಮೇಲೆ ಮೂಡುತ್ತದೆ.

ನಳಿಗೆಗೆ ಹೆಚ್ಚು ಮದ್ದು ತುಂಬಿ ಹಾರಿಸಿ, ಸಿಡಿಯದೆ ಉಳಿದದ್ದಕ್ಕೆ ಸರ್ಕಾರಿ ಮನ್ನಣೆಯ ಪರೀಕ್ಷಾಲಯ ಒತ್ತುತ್ತಿದ್ದ ಮುದ್ರೆಗಳಿವು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ 1813ರ ಕಾಯಿದೆಯಿಂದ ಹುಟ್ಟಿದ್ದು. ಕಿರೀಟದ ಕೆಳಗೆ ‘ಬಿಪಿ’, ‘ಬಿವಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು 1904ರ ನಂತರದ ಬರ್ಮಿಂಗ್‌ಹ್ಯಾಮ್ ಮಾಲು. ‘ನಾಟ್ ಫಾರ್ ಬಾಲ್’ ಎಂದಿದ್ದರೆ 1875ರಿಂದ 1887ರೊಳಗಿನದು. ಮೊಟ್ಟೆಯಾಕಾರದ ಗೆರೆಯೊಳಗೆ ‘ಇಎಲ್‌ಜಿ’ ಕಂಡರೆ ಪಟ್ಟಿಯ ಮೇಲೆ ಯಾರ ಹೆಸರೇ ಇರಲಿ, ನಳಿಗೆ ಪರೀಕ್ಷೆಯಾದದ್ದು ಬೆಲ್ಜಿಯಂನ ಲಿಯೇಜಿನಲ್ಲಿ. ಮೇಲೆ ಕಿರೀಟವಿದ್ದರೆ 1893ರ ನಂತರ.

ಊರು, ಕಾಲ ಗೊತ್ತಾದ ಮೇಲೆ ತಯಾರಕ. ಆಗ ಬೇಕಾಗುವುದು ಕ್ರಮಸಂಖ್ಯೆ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್‌ನಂಥ ಮನೆತನಗಳು ಹಳೆಯ ಖಾತೆಪುಸ್ತಕಗಳನ್ನು ಕಾಪಾಡಿಕೊಂಡಿವೆ. ಸಂಖ್ಯೆ ಹೊಂದಿಕೆಯಾದರೆ ಮಾಡಿದ ವರ್ಷ, ಮೊದಲು ಕೊಂಡವರು ಯಾರೆಂಬುದೂ ಸಿಗಬಹುದು. ಸಾಧಾರಣ ಬಂದೂಕುಗಳಿಗೆ ಇಂಥ ದಾಖಲೆ ಅಪರೂಪ. ಬರ್ಮಿಂಗ್‌ಹ್ಯಾಮ್‌ನಲ್ಲಿ ನಳಿಗೆ ಒಬ್ಬನದು, ಹಾರಿಸುವ ಯಂತ್ರ ಇನ್ನೊಬ್ಬನದು, ಮರದ ಕೆಲಸ ಮತ್ತೊಬ್ಬನದು. ಆ ಕೈಗಳಿಗೆ ಹೆಸರೇ ಉಳಿದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ನಳಿಗೆಯ ಮೈಮೇಲೆ ಸುರುಳಿ ಸುರುಳಿ ಚಿತ್ತಾರವಿದ್ದರೆ ಅದು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದದ್ದು. ಹೆಚ್ಚಿನವು ಕರಿಮದ್ದಿನ ಕಾಲದವು. ಇಂದಿನ ತೋಟೆ ಹಾಕಿ ಹಾರಿಸುವ ಸಾಹಸ ಮಾಡಲೇಬಾರದು.

ಈಗಿನ ಶಸ್ತ್ರಾಸ್ತ್ರ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಮೂರರ ಬದಲು ಎರಡೇ ಆಯುಧ ಇರಬಹುದು. ಮೂರನೆಯದನ್ನು ಬಿಡಬೇಕಾಗಿ ಬಂದಾಗ ಹಳೆಯದೆಂಬ ಒಂದೇ ಕಾರಣಕ್ಕೆ ಅಜ್ಜನ ಬಂದೂಕನ್ನು ಒಪ್ಪಿಸಿಬಿಡುವ ಮೊದಲು ಅದರ ಅಡಿಯನ್ನೊಮ್ಮೆ ನೋಡಿ.