ವೃದ್ಧಾಶ್ರಮದಲ್ಲಿ ಸಾಮೂಹಿಕ ಗಾಯನ: ಟಿ.ವಿ.ಗಿಂತ ತಾಳ ಮೇಲು

ಹುನ್ನೂರ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಹಳ್ಳಿಗಳಲ್ಲಿ ಭಜನೆಯೆಂದರೆ ಒಬ್ಬರು ಹಾಡಿ ಉಳಿದವರು ಕೇಳುವ ಕಛೇರಿಯಲ್ಲ. ಮುಂದಿನವರು ಸೊಲ್ಲೆತ್ತಿದರೆ ಹಿಂದೆ ಕುಳಿತವರೆಲ್ಲ ಅದನ್ನು ತಿರುಗಿ ಹಾಡುತ್ತಾರೆ. ಕಂಠ ಚೆನ್ನಾಗಿಲ್ಲದವರ ಕೈಗೂ ಒಂದು ಜೋಡಿ ತಾಳ ಸಿಗುತ್ತದೆ. ಊರು ಬಿಟ್ಟು ವೃದ್ಧಾಶ್ರಮ ಸೇರುವ ಹಿರಿಯರು ಕಳೆದುಕೊಳ್ಳುವುದರಲ್ಲಿ ಈ ತಾಳವೂ ಒಂದು.

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ (2007) ಪ್ರತಿ ಜಿಲ್ಲೆಗೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮ ತೆರೆಯಲು ರಾಜ್ಯಗಳಿಗೆ ಅವಕಾಶ ಕಲ್ಪಿಸಿದೆ. ವೈದ್ಯಕೀಯ ಆರೈಕೆಯೊಂದಿಗೆ ಮನರಂಜನೆಯ ಮಾತೂ ಅದರಲ್ಲಿದೆ. ಮನರಂಜನೆ ಎಂದೊಡನೆ ಟಿ.ವಿ. ತಂದಿಡುವುದು ಸುಲಭದ ದಾರಿ. ಆದರೆ ಟಿ.ವಿ. ಯಾರಿಂದಲೂ ಉತ್ತರ ಬಯಸುವುದಿಲ್ಲ.

ಆಸ್ಟ್ರೇಲಿಯಾದ 20 ಆರೈಕೆ ಘಟಕಗಳಲ್ಲಿ ಮರೆವಿನ ಕಾಯಿಲೆ ಹಾಗೂ ಖಿನ್ನತೆಯಿಂದ ಬಳಲುತ್ತಿದ್ದ 318 ವೃದ್ಧರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಸಾಮೂಹಿಕವಾಗಿ ಹಾಡಿದವರಲ್ಲಿ ಆರು ತಿಂಗಳ ನಂತರ ಖಿನ್ನತೆಯ ಲಕ್ಷಣಗಳು ತಗ್ಗಿದ್ದವು. ಹಾಡಿಸಿದವರು ಚಿಕಿತ್ಸಕರಲ್ಲ, ಸಾಮಾನ್ಯ ಸಂಗೀತಗಾರರು ಎಂಬುದು ನಮ್ಮ ಭಜನಾ ಮೇಳಗಳು ಗಮನಿಸಬೇಕಾದ ಸಂಗತಿ. ಹಾಗೆಂದು ಹಾಡು ಮರೆವಿಗೆ ಮದ್ದಲ್ಲ. ಮಾತ್ರೆ ನಿಲ್ಲಿಸುವಂತೆಯೂ ಇಲ್ಲ.

ನಿನ್ನೆಯ ಊಟ ನೆನಪಿಲ್ಲದವರಿಗೂ ಹರೆಯದಲ್ಲಿ ಹಾಡಿದ ಪದ ಹಲವು ವೇಳೆ ನೆನಪಿರುತ್ತದೆ. ಸೊಲ್ಲು ಮುಗಿಯುವವರೆಗೆ ಉಸಿರು ಹಿಡಿಯಬೇಕು, ತಾಳಕ್ಕೆ ಕೈ ಆಡಬೇಕು, ಪಕ್ಕದವರ ದನಿಗೆ ಕಿವಿಗೊಡಬೇಕು. ದಿನವಿಡೀ ಸೇವೆ ಪಡೆಯುವ ವ್ಯಕ್ತಿ ಆ ಹೊತ್ತಿನಲ್ಲಿ ತಾನೇ ಏನನ್ನೋ ಕೊಡುವವನಾಗುತ್ತಾನೆ.

ಇದನ್ನು ನಮ್ಮವರೇ ಬೇರೊಂದು ಬಗೆಯಲ್ಲಿ ಮಾಡಿ ತೋರಿಸಿದ್ದಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಹಾಗೂ ಅನಾಥ ಮಕ್ಕಳ ಬದುಕನ್ನು ಸಂಗೀತದ ಮೇಲೆಯೇ ಕಟ್ಟಿದವರು ಪಂಚಾಕ್ಷರಿ ಗವಾಯಿ ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿ (1914–2010). ಇಬ್ಬರೂ ದೃಷ್ಟಿಹೀನರು. ಅಲ್ಲಿ ಸಂಗೀತ ಕಾಲಹರಣವಾಗಿರಲಿಲ್ಲ, ಅನ್ನದ ದಾರಿಯಾಗಿತ್ತು.

ವೃದ್ಧಾಶ್ರಮಕ್ಕೆ ಅಷ್ಟು ಬೇಕಿಲ್ಲ. ವಾರಕ್ಕೊಂದೆರಡು ಸಂಜೆ, ಒಂದು ಹಾರ್ಮೋನಿಯಂ, ನಾಲ್ಕಾರು ಜೋಡಿ ತಾಳ ಸಾಕು. ಕಿವಿ ಮಂದವಾದವರು ಮುಂದೆ ಕುಳಿತುಕೊಳ್ಳಲಿ; ಧ್ವನಿವರ್ಧಕ ಬೇಡ. ಪದಗಳ ಆಯ್ಕೆ ವ್ಯವಸ್ಥಾಪಕರದಲ್ಲ, ಹಿರಿಯರದಾಗಿರಲಿ: ಒಬ್ಬರಿಗೆ ತತ್ವಪದ, ಇನ್ನೊಬ್ಬರಿಗೆ ಮೊಹರಂನ ರಿವಾಯತ, ಅಜ್ಜಿಯರಿಗೆ ಬೀಸುವ ಪದ. ಒಲ್ಲೆನೆಂದವರನ್ನು ಒತ್ತಾಯಿಸಿ ಕೂರಿಸಬಾರದು. ಬಾಗಿಲಾಚೆ ನಿಂತು ಕೇಳಲು ಅವರಿಗೂ ಒಂದು ಕುರ್ಚಿ ಇರಲಿ.