ತೊಗಲಿನ ಗುಣ, ಬೂಟಿನ ಆಯಸ್ಸು

ಬೂಟಿನ ಬಾಳಿಕೆ, ಹೊಳಪು, ಕಾಲಿಗೆ ಸಿಗುವ ಹಿತ ಮೂರೂ ಬಹುಮಟ್ಟಿಗೆ ಅದರ ಚರ್ಮವನ್ನೇ ನೆಚ್ಚಿಕೊಂಡಿವೆ. ತೊಗಲಿನ ಹೊರಪದರದಲ್ಲಿ ನಾರುಗಳು ಸಣ್ಣ, ಹೆಣಿಗೆ ಒತ್ತು. ಒಳಪದರದ ನಾರುಗಳು ದಪ್ಪ. ಹೊರಪದರ ಅಂದ ಕೊಡುತ್ತದೆ, ಒಳಪದರ ಬಲ ಕೊಡುತ್ತದೆ. ಹೊರಮೈಯನ್ನು ಉಜ್ಜದೆ ಇದ್ದಂತೆಯೇ ಉಳಿಸಿಕೊಂಡ ಚರ್ಮಕ್ಕೆ ‘ಫುಲ್ ಗ್ರೇನ್’ ಎಂದು ಹೆಸರು.

ಹಸಿ ತೊಗಲು ಕೊಳೆಯದಂತೆ ಹದ ಮಾಡುವ ದಾರಿ ಮುಖ್ಯವಾಗಿ ಎರಡು. ಹಳೆಯದು ಮರದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡುವುದು. ದಕ್ಷಿಣ ಭಾರತದಲ್ಲಿ ಇದಕ್ಕೆ ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ಬಳಕೆಯಲ್ಲಿವೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಗೆ ಬೆಳಗಾವಿ ಜಿಲ್ಲೆಯ ಅಥಣಿ ಕಡೆಯ ಕುಶಲಕರ್ಮಿಗಳು ಬಳಸುತ್ತ ಬಂದದ್ದು ಇಂಥ ಚರ್ಮವನ್ನೇ. ಅದು ಗಡುಸು, ಬೆವರು ಹೀರುತ್ತದೆ, ತೊಟ್ಟಂತೆಲ್ಲ ಪಾದದ ಅಚ್ಚಿಗೆ ಒಗ್ಗುತ್ತದೆ. ಆದರೆ ನೀರು ಬಿದ್ದರೆ ಕಲೆ ನಿಲ್ಲುತ್ತದೆ. ಹದವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಎರಡನೆಯದು ಕ್ರೋಮಿಯಂ ಲವಣಗಳ ವಿಧಾನ. ಅಮೆರಿಕದ ಅಗಸ್ಟಸ್ ಶುಲ್ಟ್ಸ್ 1884ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕೆಲಸ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಚರ್ಮ ಮೃದುವಾಗಿರುತ್ತದೆ, ನೀರು ಮತ್ತು ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ಹೊರಬೀಳುವ ಕ್ರೋಮಿಯಂ ನೀರನ್ನು ಶುದ್ಧೀಕರಿಸದೆ ಬಿಟ್ಟರೆ ನೆಲ, ಜಲ ಎರಡೂ ಕೆಡುತ್ತವೆ ಎಂಬುದು ಇದರ ದೊಡ್ಡ ಕೊರತೆ.

ಔಪಚಾರಿಕ ಬೂಟಿನ ಮೇಲುಭಾಗಕ್ಕೆ ಮೊದಲ ಆಯ್ಕೆ ಕರುವಿನ ಚರ್ಮ. ಎಳೆಯ ಪ್ರಾಣಿಯ ತೊಗಲಾದ್ದರಿಂದ ರಂಧ್ರಗಳು ಕಣ್ಣಿಗೆ ಕಾಣದಷ್ಟು ಸಣ್ಣ, ಗಾಯದ ಗುರುತುಗಳು ಕಡಿಮೆ. ಕ್ರೋಮಿಯಂನಿಂದ ಹದ ಮಾಡಿದ ‘ಬಾಕ್ಸ್ ಕಾಫ್’ ಪಾಲಿಶ್ ಹಚ್ಚಿದಷ್ಟೂ ಕನ್ನಡಿಯಂತೆ ಹೊಳೆಯುತ್ತದೆ. ನಡೆಯುವಾಗ ಬೀಳುವ ಮಡಿಕೆಗಳೂ ಸಣ್ಣವು. ಬೆಲೆ ಹೆಚ್ಚು, ಗೀರು ಬೇಗ ಕಾಣುತ್ತದೆ. ಬೆಳೆದ ದನ, ಎಮ್ಮೆಗಳ ಚರ್ಮ ಅಗ್ಗ, ಗಟ್ಟಿಮುಟ್ಟು; ಆದರೆ ಮೈ ಒರಟು, ಮಡಿಕೆ ಒರಟು, ತೂಕವೂ ಹೆಚ್ಚು. ಹಾಗಾಗಿ ಅದರ ಮೇಲೆ ಕಾಳಿನಂಥ ಉಬ್ಬಚ್ಚು ಒತ್ತುವುದುಂಟು. ಅಂಥ ಮೈಯಲ್ಲಿ ಗೀರು ಅಡಗುತ್ತದೆ, ಮಳೆಗಾಲಕ್ಕೆ ಒಗ್ಗುತ್ತದೆ, ಆದರೆ ಬೂಟಿನ ಗಾಂಭೀರ್ಯ ಒಂದು ತೂಕ ಇಳಿಯುತ್ತದೆ.

ಆಡಿನ ಚರ್ಮ ತೆಳುವಾದರೂ ಬಿಗಿ. ಹಗುರ, ಮೃದು, ಬೇಗ ಬಗ್ಗುತ್ತದೆ. ಕಾಲು ನೋವಿರುವವರಿಗೆ ಹಿತ. ಎಳೆದ ಕಡೆ ಹಿಗ್ಗುವುದರಿಂದ ಬೂಟಿನ ಆಕಾರ ಸಡಿಲವಾಗಬಹುದು.

ಕಾರ್ಡೊವನ್ ಎಂಬ ಕುದುರೆ ಚರ್ಮಕ್ಕೆ ಹೆಸರು ಬಂದದ್ದು ಸ್ಪೇನಿನ ಕಾರ್ಡೊಬಾ ನಗರದಿಂದ. ಕುದುರೆಯ ಹಿಂಭಾಗದ ತೊಗಲಿನೊಳಗೆ ಅಡಗಿರುವ ಒತ್ತಾದ ಪದರವನ್ನು ತೊಗಟೆಯಿಂದ ಹದ ಮಾಡಿ, ಎಣ್ಣೆ ಮೇಣ ಉಣಿಸಿ ಇದನ್ನು ತಯಾರಿಸುತ್ತಾರೆ. ಒಂದು ತೊಗಲಿನಿಂದ ಸಿಗುವುದು ಎರಡೇ ಅಂಡಾಕಾರದ ತುಂಡು. 1905ರಲ್ಲಿ ಆರಂಭವಾದ ಷಿಕಾಗೋದ ಹೋರ್ವೀನ್ ಕಾರ್ಖಾನೆ ಇದಕ್ಕೆ ಪ್ರಸಿದ್ಧ. ಅಲ್ಲಿ ಒಂದು ತುಂಡು ಸಿದ್ಧವಾಗಲು ಸುಮಾರು ಆರು ತಿಂಗಳು ಹಿಡಿಯುತ್ತದೆ. ಇದರಲ್ಲಿ ಚೂಪು ಮಡಿಕೆ ಬೀಳದೆ ಅಲೆಯಂತೆ ಉರುಳುತ್ತದೆ, ದಶಕಗಳ ಕಾಲ ಬಾಳುತ್ತದೆ. ಆದರೆ ದುಬಾರಿ, ಮೊದಲಿಗೆ ಬಿಗಿ, ಗಾಳಿಯಾಡುವುದು ಕಡಿಮೆ. ಮಳೆಹನಿ ಬಿದ್ದಲ್ಲಿ ಬೊಕ್ಕೆಯಂತೆ ಉಬ್ಬುತ್ತದೆ.

ಚರ್ಮದ ಒಳಮೈಯನ್ನು ಉಜ್ಜಿ ನವಿರು ತುಪ್ಪುಳೆಬ್ಬಿಸಿದರೆ ಸ್ವೇಡ್. ಮೆತ್ತಗಿರುತ್ತದೆ, ಮಡಿಕೆ ಎದ್ದು ಕಾಣದು, ಪಾಲಿಶ್ ಬೇಡ, ಬ್ರಷ್ ಸಾಕು. ಧೂಳು, ಎಣ್ಣೆ ಕಲೆಗಳೇ ಇದರ ಶತ್ರು. ಹೊಳೆಯುವ ಲೇಪದ ಪೇಟೆಂಟ್ ಲೆದರ್‌ಗೆ ಒಂದು ಕಾಲಕ್ಕೆ ಅಗಸೆ ಎಣ್ಣೆಯ ಮೆರುಗೆಣ್ಣೆ ಬಳಿಯುತ್ತಿದ್ದರು. ಈಗ ಪ್ಲಾಸ್ಟಿಕ್ ಲೇಪ ಬಂದಿದೆ. ಸಂಜೆಯ ಸಮಾರಂಭಕ್ಕೆ ಅದರ ಥಳಕು ಒಪ್ಪುತ್ತದೆ, ನೀರು ಅಂಟದು. ಒಮ್ಮೆ ಬಿರುಕು ಬಿಟ್ಟರೆ ಸರಿಪಡಿಸಲಾಗದು.

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ‘ಕರೆಕ್ಟೆಡ್ ಗ್ರೇನ್’. ಗಾಯದ ಗುರುತುಗಳಿರುವ ಹೊರಮೈಯನ್ನು ಉಜ್ಜಿ ತೆಗೆದು, ಬಣ್ಣದ ಲೇಪ ಕೊಟ್ಟ ಚರ್ಮವಿದು. ಅಗ್ಗ, ಒದ್ದೆ ಬಟ್ಟೆಯಿಂದ ಒರೆಸಿದರೆ ಸ್ವಚ್ಛ. ಆದರೆ ಪಾಲಿಶ್ ಒಳಗಿಳಿಯದು. ವರ್ಷಗಳು ಕಳೆದಂತೆ ಮಡಿಕೆಯ ಜಾಗದಲ್ಲಿ ಲೇಪ ಸೀಳುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡುವುದು ಸುಲಭದ ಪರೀಕ್ಷೆ: ಫುಲ್ ಗ್ರೇನ್‌ನಲ್ಲಿ ಕೂದಲೆಳೆಯಂಥ ಸುಕ್ಕುಗಳು ಹರಡಿ ಮಾಯವಾಗುತ್ತವೆ, ದಪ್ಪ ಲೇಪದ ಚರ್ಮ ಹಾಳೆಯಂತೆ ಒಟ್ಟಾಗಿ ಬಾಗುತ್ತದೆ. ಪಾಲಿಯುರೆಥೇನ್ ಹಾಳೆಯ ಕೃತಕ ಚರ್ಮವಂತೂ ತೇವದ ಹವೆಯಲ್ಲಿ ಕಪಾಟಿನಲ್ಲಿಟ್ಟರೂ ಕೆಲವು ವರ್ಷಗಳಲ್ಲಿ ಸಿಪ್ಪೆ ಸುಲಿಯುತ್ತದೆ.

ಅಟ್ಟೆ ಮತ್ತು ಅಸ್ತರಿಗೆ ತೊಗಟೆಯಿಂದ ಹದ ಮಾಡಿದ ಚರ್ಮವೇ ಮೇಲು. ಇಂಗ್ಲೆಂಡಿನ ಕಾಲಿಟನ್‌ನ ಬೇಕರ್ ಕಾರ್ಖಾನೆಯಲ್ಲಿ ಅಟ್ಟೆಯ ಚರ್ಮ ಓಕ್ ತೊಗಟೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹದವಾಗುತ್ತದೆ. ಚರ್ಮದ ಅಟ್ಟೆ ಬೆವರು ಹೀರುತ್ತದೆ, ಸವೆದರೆ ಬದಲಿಸಬಹುದು. ಒದ್ದೆ ನೆಲದಲ್ಲಿ ಮಾತ್ರ ಜಾರುತ್ತದೆ, ಬೇಗ ಸವೆಯುತ್ತದೆ. ಮಳೆನಾಡಿಗೆ ರಬ್ಬರ್ ಅಟ್ಟೆಯೇ ಸರಿ.

ದಿನವೂ ಕಚೇರಿಗೆ ತೊಡಲು ಫುಲ್ ಗ್ರೇನ್ ಕರುವಿನ ಚರ್ಮ, ಮಳೆಗೆ ಉಬ್ಬಚ್ಚಿನ ಚರ್ಮ, ಒಣ ಹವೆಯ ವಿರಾಮಕ್ಕೆ ಸ್ವೇಡ್, ಅಪರೂಪದ ಸಮಾರಂಭಕ್ಕೆ ಪೇಟೆಂಟ್ ಲೆದರ್ ಒಪ್ಪುತ್ತವೆ. ಯಾವ ಚರ್ಮವಾದರೂ ಒಂದು ದಿನ ತೊಟ್ಟು ಮರುದಿನ ಬೆವರಾರಲು ಬಿಡಬೇಕು, ಒಳಗೆ ಮರದ ಅಚ್ಚು ಇಡಬೇಕು. ಒದ್ದೆಯಾದರೆ ಬಿಸಿಲು, ಬೆಂಕಿಯ ಬಳಿ ಇಡದೆ ನೆರಳಿನಲ್ಲಿ ಒಣಗಿಸಬೇಕು.