ಸನ್ನತಿ: ಪರಸಿಕಲ್ಲಿನ ಊರಿನಲ್ಲಿ ಅಶೋಕನ ಮಾತು

ಶಹಾಬಾದ್ ಕಲ್ಲನ್ನು ನಮ್ಮ ಮಂಡ್ಯ ಸೀಮೆಯಲ್ಲೂ ಅರಿಯದವರಿಲ್ಲ. ಟೈಲ್ಸ್ ಬರುವುದಕ್ಕೆ ಮುಂಚೆ ಎಷ್ಟೋ ಮನೆಗಳ ನಡುಮನೆಗೆ, ಬಚ್ಚಲಿಗೆ ಹಾಸುತ್ತಿದ್ದ ಬೂದುಬಣ್ಣದ ಚಪ್ಪಡಿ ಅದೇ. ಈ ಕಲ್ಲಿನ ತವರು ಕಲಬುರಗಿ ಜಿಲ್ಲೆ. ಅಲ್ಲಿ ಭೀಮಾ ನದಿಯ ದಂಡೆಯ ಸನ್ನತಿಗೆ ಹೋದರೆ, ನಾವು ಕಾಲಡಿ ಹಾಸಿಕೊಂಡ ಕಲ್ಲೇ ಗೋಡೆಯಾಗಿ, ಮಾಳಿಗೆಯಾಗಿ, ಕೊನೆಗೆ ಚಕ್ರವರ್ತಿಯೊಬ್ಬನ ಶಾಸನವೂ ಆಗಿರುವುದನ್ನು ಕಾಣಬಹುದು.

ರಾಯಚೂರು, ಯಾದಗಿರಿ ದಾಟಿ ವಾಡಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ನಾಲವಾರ ಎಂಬ ಸಣ್ಣ ನಿಲ್ದಾಣವಿದೆ. ಅಲ್ಲಿಂದ ಸನ್ನತಿಗೆ ರಸ್ತೆ ಪ್ರಯಾಣ. ಇಕ್ಕೆಲದಲ್ಲೂ ಎರೆಹೊಲ, ತೊಗರಿ, ಜೋಳ. ಮಣ್ಣು ತೆಳುವಾದ ಕಡೆ ಕಲ್ಲಿನ ಪದರಗಳು ಪುಸ್ತಕದ ಹಾಳೆಗಳಂತೆ ಹೊರಗೆ ಇಣುಕುತ್ತವೆ. ಈ ಭಾಗದ ಹಳೆಯ ಮನೆಗಳಲ್ಲಿ ಗೋಡೆಗೂ ಮಾಳಿಗೆಗೂ ಇದೇ ಕಲ್ಲು. ಅಲ್ಲಿನವರು ಇದನ್ನು 'ಪರಸಿ' ಎನ್ನುತ್ತಾರೆ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಗೋಡೆ ದಪ್ಪವಿರುವುದರಿಂದ ಒಳಗೆ ತಕ್ಕಮಟ್ಟಿಗೆ ತಂಪು.

ಈ ಕಲ್ಲು ಹುಟ್ಟಿದ್ದು ನೀರಿನಲ್ಲಿ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಅದಕ್ಕೇ ಈ ಕಲ್ಲು ಹಲಗೆಯಂತೆ ಸೀಳುತ್ತದೆ. ಗಣಿಯ ಅಂಚಿನಲ್ಲಿ ಬಿದ್ದ ಚೂರೊಂದನ್ನು ಕೆರೆದು, ಆ ಪುಡಿಗೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆಯೇಳುತ್ತದೆ. ಆಮ್ಲಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಇಂಗಾಲದ ಡೈ ಆಕ್ಸೈಡ್ ಹೊರಬೀಳುವ ಗುರುತು ಅದು. ನಮ್ಮ ಕಡೆಯ ಗಟ್ಟಿಕಲ್ಲಿನಲ್ಲಿ ಈ ಆಟ ನಡೆಯದು. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನ ಕಾಠಿಣ್ಯ 7 ಆದರೆ ಸುಣ್ಣಕಲ್ಲಿನದು ಸುಮಾರು 3. ಉಳಿಗೆ ಬೇಗ ಬಗ್ಗುವ ಈ ಗುಣವೇ ಶಿಲ್ಪಿಗಳನ್ನು ಸೆಳೆದಿರಬೇಕು. ಹೊಸಹೊಳಲಿನ ದೇಗುಲಕ್ಕೆ ಬಳಪದ ಕಲ್ಲು ಒದಗಿದಂತೆ ಇಲ್ಲಿಗೆ ಸುಣ್ಣಕಲ್ಲು ಒದಗಿತು.

ಸನ್ನತಿಯ ದೈವ ಚಂದ್ರಲಾ ಪರಮೇಶ್ವರಿ. 1986ರಲ್ಲಿ ಈ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಅವಶೇಷಗಳನ್ನು ಸರಿಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅದು ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಶಾಸನ. ವಿಗ್ರಹ ಕೂರಿಸಲು ನಡುವೆ ಚೌಕವಾಗಿ ಕೊರೆದಿದ್ದರಿಂದ ಒಂದಷ್ಟು ಅಕ್ಷರಗಳು ಹೋಗಿವೆ. ಉಳಿದಿರುವುದು 12 ಮತ್ತು 14ನೆಯ ಶಿಲಾಶಾಸನಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಒರಿಸ್ಸಾದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದವು. ಪ್ರಜೆಗಳೆಲ್ಲ ತನ್ನ ಮಕ್ಕಳು ಎಂದು ಅರಸ ಅಧಿಕಾರಿಗಳಿಗೆ ತಿಳಿಹೇಳುವುದು ಅವುಗಳಲ್ಲೇ.

ಹನ್ನೆರಡನೆಯ ಶಾಸನದ ತಾತ್ಪರ್ಯವನ್ನು ಇಲ್ಲಿ ನೆನೆಯಬೇಕು. ತನ್ನ ಮತವನ್ನು ಹೊಗಳುವ ಭರದಲ್ಲಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ, ಎಲ್ಲ ಪಂಥಗಳವರೂ ಒಬ್ಬರ ಮಾತನ್ನೊಬ್ಬರು ಕೇಳಬೇಕು ಎನ್ನುತ್ತದೆ ಅದು. ಇಂಥ ಮಾತುಳ್ಳ ಕಲ್ಲು, ಓದುವವರೇ ಇಲ್ಲದ ಕಾಲದಲ್ಲಿ, ಬೇರೊಂದು ಪಂಥದ ದೇವಿಯನ್ನು ಹೊತ್ತು ನಿಂತಿತ್ತು! ಊರಿನ ಹಿರಿಯರೊಬ್ಬರನ್ನು ಇದರ ಬಗ್ಗೆ ಕೇಳಿದೆ. "ಗುಡಿ ಬಿದ್ದಾಗಷ್ಟೇ ರಾಜನ ಮಾತು ಹೊರಗ ಬಂತ್ರೀ ಸರ. ಅಲ್ಲೀತನಕ ತಾಯಿನೇ ಅದನ್ನ ಕಾಯ್ದಾಳ" ಎಂದರು. ಇತಿಹಾಸದ ಗ್ರಂಥಗಳಲ್ಲಿ ಈ ವಿವರಣೆ ಸಿಗಲಿಕ್ಕಿಲ್ಲ. ನನಗೆ ಮಾತ್ರ ಒಪ್ಪಿಗೆಯಾಯಿತು.

ಇಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಇಲಾಖೆ ನಡೆಸಿದ ಉತ್ಖನನದಲ್ಲಿ ಇಲ್ಲಿ ದೊಡ್ಡ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂತು. ಶಾಸನಗಳು ಅದನ್ನು 'ಅಧೋಲೋಕ ಮಹಾಚೈತ್ಯ' ಎಂದು ಕರೆದಿವೆ. ಸುಣ್ಣಕಲ್ಲಿನ ಹಲಗೆಗಳ ಮೇಲೆ ಜಾತಕ ಕಥೆಗಳು, ಬುದ್ಧನ ಬದುಕು, ಶಾತವಾಹನ ಅರಸರು. ಒಂದು ಹಲಗೆಯಲ್ಲಿ ರಾಣಿ ಮತ್ತು ಪರಿಚಾರಿಕೆಯರೊಡನೆ ನಿಂತ ಅರಸ. ಅಲ್ಲಿಯೇ ಬ್ರಾಹ್ಮಿಯಲ್ಲಿ ಅಶೋಕರಾಜನೆಂಬ ಹೆಸರು. ಕೆತ್ತನೆ ಅಶೋಕನ ಕಾಲಕ್ಕಿಂತ ಈಚಿನದು, ಆದ್ದರಿಂದ ಇದು ಅವನನ್ನು ಕಣ್ಣಾರೆ ಕಂಡವರ ಕೆಲಸವಲ್ಲ. ಆದರೂ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ ಅಶೋಕನ ಹೆಸರನ್ನು ಖಚಿತಪಡಿಸಿದರೆ, ಕನಗನಹಳ್ಳಿ ಆ ಹೆಸರಿಗೊಂದು ರೂಪ ಕೊಟ್ಟಿತು. ಎರಡೂ ನಮ್ಮ ಕರ್ನಾಟಕದಲ್ಲೇ!

ಆದರೆ ನಿಂಬೆರಸದ ಪಾಠವನ್ನು ಮರೆಯುವಂತಿಲ್ಲ. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗುತ್ತದೆ. ಹೊಗೆಯ ಗಂಧಕ ಬೆರೆತರೆ ಇನ್ನೂ ಖಾರ. ನಿಂಬೆರಸ ಕ್ಷಣದಲ್ಲಿ ಮಾಡುವುದನ್ನು ಮಳೆ ನೂರಾರು ವರ್ಷಗಳಲ್ಲಿ ಮಾಡುತ್ತದೆ, ಅಷ್ಟೆ. ಮಣ್ಣಿನಡಿ ಶತಮಾನಗಳ ಕಾಲ ಉಳಿದು ಬಂದ ಶಿಲ್ಪಗಳು ಹೊರತೆಗೆದ ಮೇಲೆ ಬಹುಕಾಲ ಬಯಲಿನಲ್ಲೇ ಬಿದ್ದಿದ್ದವು. ಇತ್ತೀಚಿನ ವರ್ಷಗಳಲ್ಲಿ ಅವುಗಳನ್ನು ಜೋಡಿಸುವ, ಸಂರಕ್ಷಿಸುವ ಕೆಲಸ ಆರಂಭವಾಗಿದೆ ಎಂಬುದು ಸಮಾಧಾನ. ಅಶೋಕನ ತುಟಿ, ಕಣ್ಣುಗಳ ಗೆರೆ ಒಮ್ಮೆ ಸವೆದರೆ ಯಾವ ಸಿಮೆಂಟೂ ಅದನ್ನು ಮರಳಿ ತಾರದು.

ಶಾಲಾ ಪ್ರವಾಸವೆಂದರೆ ಹಂಪಿ, ಗೋಲಗುಂಬಜ್ ಎನ್ನುವ ಮೇಷ್ಟರುಗಳು ಸನ್ನತಿಯನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ. ಚಳಿಗಾಲ ಪ್ರಶಸ್ತ. ಮಕ್ಕಳಿಗೆ ಹೇಳಬೇಕಾದ ನಿಯಮ ಒಂದೇ: ನಿಂಬೆಹಣ್ಣಿನ ಪ್ರಯೋಗ ಗಣಿಯ ಚೂರಿಗೆ ಮಾತ್ರ, ಶಿಲ್ಪಗಳಿಗೆ ಕೈಯನ್ನೂ ತಾಗಿಸಬಾರದು.